ಕತೆಯೊಳಗೆ ಕೇಳಿಸಿಕೊಳ್ಳುವವರು ಯಾರು?

ಹೋದ ವಾರ ಸಂಜೆ ಪಕ್ಕದ ಮನೆ ಹುಡುಗಿ ನೋಟ್‌ಬುಕ್ ಹಿಡಿದುಕೊಂಡು ಬಂದಳು. ಬಿ.ಎ. ಎರಡನೇ ವರ್ಷ ಓದುತ್ತಿದ್ದಾಳೆ. "ಕಾಕೂ, ಪಾತ್ರ ಚಿತ್ರಣ ಅಂದ್ರ ಹೆಂಗ ಬರೀಬೇಕ್ರಿ?" ಅಂದಳು. ಕೈಯಲ್ಲಿ ಒಂದು ಗೈಡ್ ಇತ್ತು. ಮಾಸ್ತಿಯವರ 'ಮೊಸರಿನ ಮಂಗಮ್ಮ' ಕತೆಗೆ ಅದರಲ್ಲಿ ಮೂರೇ ಸಾಲು. ಮಂಗಮ್ಮ ಮುಗ್ಧೆ, ಮಮತಾಮಯಿ, ಸ್ವಾಭಿಮಾನಿ. ಕತೆಯ ಆಶಯ ಅತ್ತೆ ಸೊಸೆಯರ ಸಂಘರ್ಷ ಮತ್ತು ಕುಟುಂಬದ ಒಗ್ಗಟ್ಟು.

ಇದರಲ್ಲಿ ತಪ್ಪೇನೂ ಇಲ್ಲ. ಆದರೆ ಈ ಮೂರು ಮಾತನ್ನು ನಮ್ಮ ಓಣಿಯ ಯಾವ ಅಜ್ಜಿಗೆ ಬೇಕಾದರೂ ಹಚ್ಚಬಹುದು, ಅಲ್ವಾ? ಪುಸ್ತಕ ಮುಚ್ಚಿಸಿ ಕೇಳಿದೆ, "ಮಗನ ಮನಿ ಬಿಟ್ಟ ಮ್ಯಾಲೆ ಮಂಗಮ್ಮ ತನಗ ಅಂತ ಏನ್ ತಗೊಂಡ್ಲು ಹೇಳು?" ಸ್ವಲ್ಪ ಹೊತ್ತು ಯೋಚನೆ ಮಾಡಿದಳು. "ಮಖಮಲ್ ಜಾಕೀಟು" ಅಂದಳು. "ಯಾಕ ತಗೊಂಡ್ಲು?" ಅಂದೆ. ಅಲ್ಲಿಂದ ಶುರುವಾದ ಮಾತು ರಾತ್ರಿ ಊಟದ ಹೊತ್ತಿನವರೆಗೂ ಮುಗಿಯಲಿಲ್ಲ. ಅವಳ ತಾಯಿ ಬಂದು ಕರೆದುಕೊಂಡು ಹೋಗಬೇಕಾಯಿತು. ಅವತ್ತು ಹೇಳಿದ್ದನ್ನೂ, ಹೇಳಲು ಆಗದೆ ಉಳಿದದ್ದನ್ನೂ ಇಲ್ಲಿ ಬರೆಯುತ್ತಿದ್ದೇನೆ.

ಆ ಜಾಕೀಟಿನ ವಿಷಯ ನೋಡಿ. ಮಂಗಮ್ಮ ಬೆಂಗಳೂರಿನ ಹತ್ತಿರದ ಹಳ್ಳಿಯವಳು, ಪೇಟೆಗೆ ಬಂದು ಮೊಸರು ಮಾರುತ್ತಾಳೆ. ಮೊಮ್ಮಗನನ್ನು ಸೊಸೆ ನಂಜಮ್ಮ ಹೊಡೆದಳು ಅಂತ ಜಗಳ ಆಗುತ್ತದೆ. ಮಗ ಹೆಂಡತಿಯ ಕಡೆ ನಿಲ್ಲುತ್ತಾನೆ. ಮಂಗಮ್ಮ ಬೇರೆ ಆಗುತ್ತಾಳೆ. ಇಷ್ಟು ದಿನ ದುಡ್ಡು ಕೂಡಿಟ್ಟದ್ದು ಯಾರಿಗಾಗಿ ಅನ್ನುವ ಪ್ರಶ್ನೆ ಅವಳಿಗೆ ಆಗ ಬರುತ್ತದೆ. ಗಂಡ ಬೇರೆಯವಳ ಹಿಂದೆ ಹೋದ ಹೆಂಗಸು ಅವಳು. ಅಂಥವಳು ಈ ವಯಸ್ಸಿನಲ್ಲಿ ಮಖಮಲ್ ಜಾಕೀಟು ಹೊಲಿಸಿ ಹಾಕಿಕೊಳ್ಳುತ್ತಾಳೆ, ಸೊಸೆ ಆಡಿಕೊಳ್ಳುತ್ತಾಳೆ, ಊರಿನ ರಂಗಪ್ಪ ಇವಳ ಹಿಂದೆ ಸುತ್ತಲು ಶುರು ಮಾಡುತ್ತಾನೆ. ಮುಗ್ಧೆ ಅಂದುಬಿಟ್ಟರೆ ಈ ಜಾಕೀಟನ್ನು ಎಲ್ಲಿಡುತ್ತೀರಿ? ಮಮತಾಮಯಿ ಅಂದರೂ ಅದು ಅಡ್ಡ ಬರುತ್ತದೆ. ಅವಳೊಳಗೆ ಒಂದು ಸಿಟ್ಟಿದೆ, ಒಂದು ಹಳೆಯ ಆಸೆ ಇದೆ, ಜೊತೆಗೆ ಒಬ್ಬಳೇ ಆದೆ ಅನ್ನುವ ಭಯ. ಮಾಸ್ತಿ ಇದಾವುದನ್ನೂ ಬಾಯಿಬಿಟ್ಟು ಹೇಳದೆ ಒಂದು ಜಾಕೀಟು ಹೊಲಿಸಿ ಸುಮ್ಮನಾಗುತ್ತಾರೆ.

ಇಷ್ಟನ್ನು ಹುಡುಗಿ ಚೆನ್ನಾಗಿಯೇ ಬರೆದುಕೊಂಡಳು. ಆಮೇಲೆ ನಾನು ಕೇಳಿದ ಇನ್ನೊಂದು ಪ್ರಶ್ನೆಗೆ ಅವಳಿಗೂ ಉತ್ತರ ಹೊಳೆಯಲಿಲ್ಲ, ಗೈಡಿನಲ್ಲೂ ಇರಲಿಲ್ಲ. ಇದನ್ನೆಲ್ಲ ಮಂಗಮ್ಮ ಯಾರಿಗೆ ಹೇಳುತ್ತಿದ್ದಾಳೆ?

ಮೊಸರು ಕೊಳ್ಳುವ ಮನೆಯ ಹೆಂಗಸಿಗೆ. ಅವಳೇ ನಮಗೆ ಕತೆ ಹೇಳುವವಳು. ಬರೆದದ್ದು ಮಾಸ್ತಿ, ಆದರೆ ಕತೆಯೊಳಗೆ ಮಾತಾಡುವವಳು ಒಬ್ಬ ಗೃಹಿಣಿ. ಮಂಗಮ್ಮ ಬುಟ್ಟಿ ಇಳಿಸಿ, ಎಲೆ ಅಡಿಕೆ ಹಾಕಿಕೊಂಡು, ತನ್ನ ಕಷ್ಟ ಸುಖ ಹೇಳುತ್ತಾಳೆ, ಈಕೆ ಕೂತು ಕೇಳುತ್ತಾಳೆ. ತೀರ್ಪು ಕೊಡುವುದಿಲ್ಲ. ಹೆದರಿಕೆಯಾದಾಗ ಸಮಾಧಾನ ಹೇಳುತ್ತಾಳೆ, ಅಷ್ಟೇ. ಕೊನೆಗೆ ಸೊಸೆಯೂ ಅದೇ ಮನೆಗೆ ಮೊಸರು ತರುತ್ತಾಳೆ, ಅವಳ ಮಾತನ್ನೂ ಈಕೆ ಕೇಳುತ್ತಾಳೆ. ಆಗ ಗೊತ್ತಾಗುತ್ತದೆ, ಅಜ್ಜಿಯ ದುಡ್ಡು ರಂಗಪ್ಪನ ಕೈಗೆ ಹೋದೀತು ಅಂತ ಮಗುವನ್ನು ಅಜ್ಜಿಯ ಹತ್ತಿರ ಕಳಿಸಿದವಳು ನಂಜಮ್ಮನೇ ಅಂತ. ಅಲ್ಲಿಯವರೆಗೆ ನಾವು ಸೊಸೆಯನ್ನು ಬೈದುಕೊಂಡೇ ಓದಿರುತ್ತೇವೆ. ಒಬ್ಬಳೇ ಹೆಂಗಸು ಇಬ್ಬರ ಮಾತನ್ನೂ ಕೇಳಿಸಿಕೊಂಡಳು ಅನ್ನುವ ಕಾರಣಕ್ಕೆ ನಂಜಮ್ಮ ನಮ್ಮ ಕಣ್ಣಲ್ಲಿ ಮನುಷ್ಯಳಾಗುತ್ತಾಳೆ. ಆ ಗೃಹಿಣಿಯನ್ನು ಕತೆಯಿಂದ ತೆಗೆದುಬಿಡಿ, ಉಳಿಯುವುದು ಬರೀ ಜಗಳ.

ನಾನು ಚಿಕ್ಕವಳಿದ್ದಾಗ ಧಾರವಾಡದ ನಮ್ಮ ಮನೆಗೂ ಮೊಸರಿನವಳು ಬರುತ್ತಿದ್ದಳು. ತಲೆಯ ಮೇಲಿನ ಬುಟ್ಟಿ ಇಳಿಸಿ, ಸಿಂಬಿ ಪಕ್ಕಕ್ಕಿಟ್ಟು, ಕಟ್ಟೆಯ ಮೇಲೆ ಕೂತರೆ ಅರ್ಧ ತಾಸು. ಎಮ್ಮೆ ಮೊಸರು, ಗಡಿಗೆ ಬೋರಲು ಹಾಕಿದರೂ ಬೀಳದಷ್ಟು ಗಟ್ಟಿ. ಅಜ್ಜಿ ಅವಳ ಜೊತೆ ಏನು ಅಷ್ಟು ಮಾತಾಡುತ್ತಾಳೆ ಅಂತ ನನಗೆ ಆಗ ಬೇಜಾರು. ಈ ಕತೆ ಓದಿದಾಗಲೆಲ್ಲ ನನ್ನ ಕಣ್ಣೆದುರು ಬರುವುದು ಬೆಂಗಳೂರಲ್ಲ, ಆ ಕಟ್ಟೆ.

ಈ 'ಯಾರು ಕೇಳುತ್ತಿದ್ದಾರೆ' ಅನ್ನುವ ಪ್ರಶ್ನೆ ನನಗೆ ಮಾಸ್ತಿಯಿಂದ ಬಂದದ್ದಲ್ಲ. ರಷ್ಯದ ಕತೆಗಾರ ಚೆಕಾಫ್‌ನಿಂದ ಬಂತು. ಕೆಲಸಕ್ಕೆ ದಿನಾ ಧಾರವಾಡದಿಂದ ಹುಬ್ಬಳ್ಳಿಗೆ ಚಿಗರಿ ಬಸ್ಸಿನಲ್ಲಿ ಹೋಗುತ್ತೇನೆ. ಸೀಟು ಸಿಕ್ಕರೆ ಒಂದು ಸಣ್ಣ ಕತೆ ಮುಗಿಯುತ್ತದೆ. ಹಾಗೆ ಓದಿದ್ದು ಇಂಗ್ಲಿಷಿನಲ್ಲಿ 'ಮಿಸರಿ' ಅಂತಿರುವ ಕತೆ. ರಷ್ಯನ್ನಿನಲ್ಲಿ ಅದರ ಹೆಸರು 'ತಾಸ್ಕಾ', ಬಂದದ್ದು 1886ರಲ್ಲಿ. ಚೆಕಾಫ್‌ಗೆ ಆಗ 26ರ ಆಸುಪಾಸು.

ಕತೆಯಲ್ಲಿ ನಡೆಯುವುದು ತುಂಬಾ ಕಡಿಮೆ. ಪೀಟರ್ಸ್‌ಬರ್ಗ್ ಊರು, ಸಂಜೆ, ಹಿಮ ಬೀಳುತ್ತಿದೆ. ಅಯೋನಾ ಅನ್ನುವ ಮುದುಕ ಕುದುರೆ ಗಾಡಿ ಹೊಡೆಯುವವನು. ಅದೇ ವಾರ ಅವನ ಮಗ ಜ್ವರ ಬಂದು ಮೂರು ದಿನ ಆಸ್ಪತ್ರೆಯಲ್ಲಿದ್ದು ಸತ್ತಿದ್ದಾನೆ. ಗಾಡಿ ಹತ್ತಿದ ಮಿಲಿಟರಿ ಅಧಿಕಾರಿಗೆ ಹೇಳಲು ನೋಡುತ್ತಾನೆ. ಏನಾಗಿ ಸತ್ತ ಅಂತ ಒಂದು ಮಾತು ಕೇಳಿ ಅವನು ಕಣ್ಣು ಮುಚ್ಚಿಕೊಳ್ಳುತ್ತಾನೆ. ಆಮೇಲೆ ಮೂವರು ಹುಡುಗರು ಹತ್ತುತ್ತಾರೆ. ಇಪ್ಪತ್ತು ಕೊಪೆಕ್ ಅನ್ನುತ್ತಾರೆ. ಅದು ಕಡಿಮೆ ಬಾಡಿಗೆ, ಅಯೋನಾನಿಗೆ ಅದರ ಕಡೆ ಲಕ್ಷ್ಯವೇ ಇಲ್ಲ. ಬೆನ್ನ ಹಿಂದೆ ಜನ ಕೂತರೆ ಅಷ್ಟೇ ಸಾಕು ಅವನಿಗೆ. ಮಗ ಸತ್ತ ಅಂದರೆ, ಎಲ್ಲರೂ ಸಾಯೋರೇ, ಬೇಗ ಹೊಡಿ ಅನ್ನುತ್ತಾನೆ ಅವರಲ್ಲೊಬ್ಬ. ರಾತ್ರಿ ಗಾಡಿಯವರೆಲ್ಲ ಮಲಗುವ ಜಾಗದಲ್ಲಿ ಒಬ್ಬ ಹುಡುಗ ನೀರು ಕುಡಿಯಲು ಎದ್ದಾಗ ಅವನಿಗೂ ಹೇಳುತ್ತಾನೆ. ನೋಡುವಷ್ಟರಲ್ಲಿ ಅವನು ಮುಸುಕು ಹಾಕಿ ಮಲಗಿಬಿಟ್ಟಿರುತ್ತಾನೆ. ಕೊನೆಗೆ ಅಯೋನಾ ಲಾಯಕ್ಕೆ ಹೋಗುತ್ತಾನೆ. ಓಟ್ಸ್ ಕೊಳ್ಳುವಷ್ಟು ದುಡಿದಿಲ್ಲ, ಹುಲ್ಲೇ ತಿನ್ನೋಣ ಅಂತ ಕುದುರೆಗೆ ಹೇಳುತ್ತಾನೆ. ನಿನಗೊಂದು ಮರಿ ಇತ್ತು ಅಂತ ತಿಳಿ, ಅದು ಸತ್ತುಹೋಯಿತು ಅಂತ ತಿಳಿ, ನಿನಗೂ ಸಂಕಟ ಆಗುತ್ತಿತ್ತಲ್ಲವಾ ಅನ್ನುತ್ತಾನೆ. ಕುದುರೆ ಹುಲ್ಲು ಜಗಿಯುತ್ತಾ, ಕೇಳುತ್ತಾ, ಅವನ ಕೈ ಮೇಲೆ ಉಸಿರು ಬಿಡುತ್ತದೆ. ಆಗ ಅವನು ಎಲ್ಲವನ್ನೂ ಹೇಳಲು ಶುರು ಮಾಡುತ್ತಾನೆ.

ಇದರ ಆಶಯ ಒಂಟಿತನ ಅಂತ ಬರೆದರೆ ಮಾರ್ಕ್ಸ್ ಸಿಗುತ್ತದೆ. ನನ್ನನ್ನು ಹಿಡಿದು ನಿಲ್ಲಿಸಿದ್ದು ನಡುವಿನ ಒಂದು ಭಾಗ. ಅಯೋನಾನಿಗೆ 'ನನ್ನ ಮಗ ಸತ್ತ' ಅನ್ನುವ ಮೂರು ಶಬ್ದ ಹೇಳಿದರೆ ಸಾಲದು. ಮೊದಲಿನಿಂದ ಹೇಳಬೇಕು. ಮಗನಿಗೆ ಹೇಗೆ ಕಾಯಿಲೆ ಬಂತು, ಎಷ್ಟು ಒದ್ದಾಡಿದ, ಸಾಯುವ ಮುಂಚೆ ಏನಂದ, ಹೇಗೆ ಹೋದ, ಮಣ್ಣು ಹೇಗಾಯಿತು, ಅವನ ಬಟ್ಟೆ ತರಲು ತಾನು ಆಸ್ಪತ್ರೆಗೆ ಹೇಗೆ ಹೋದೆ. ಎಲ್ಲಾ ಸಾವಕಾಶ, ಒಂದಾದ ಮೇಲೊಂದು. ಕೇಳುವವರು ನಿಟ್ಟುಸಿರು ಬಿಡಬೇಕು, ಅಯ್ಯೋ ಅನ್ನಬೇಕು. ಹೆಂಗಸರಿಗೆ ಹೇಳಿದರೆ ಇನ್ನೂ ಒಳ್ಳೆಯದು ಅಂತಲೂ ಅವನಿಗೆ ಅನ್ನಿಸುತ್ತದೆ.

ಬಸ್ಸು ಉಣಕಲ್ ದಾಟುತ್ತಿತ್ತು. ನನಗೆ ಮುಂದೆ ಓದಲು ಆಗಲಿಲ್ಲ.

ನಮ್ಮ ಕಡೆ ಒಂದು ಪದ್ಧತಿ ಇದೆ. ಸಾವಾದ ಮನೆಗೆ ಜನ 'ಮಾತಾಡಿಸಾಕ' ಹೋಗುತ್ತಾರೆ. 'ನೋಡಾಕ' ಅನ್ನುವುದಿಲ್ಲ, 'ಸಮಾಧಾನ ಮಾಡಾಕ' ಅನ್ನುವುದೂ ಕಡಿಮೆ. "ಮಾತಾಡಿಸಿಕೊಂಡ್ ಬರೂಣು ನಡಿ" ಅನ್ನುತ್ತಾರೆ. ಹೋಗಿ ಕೂತವರಿಗೆ ಏನಾಯಿತು ಅಂತ ಮೊದಲೇ ಪೂರ್ತಿ ಗೊತ್ತಿರುತ್ತದೆ. ಆದರೂ ಕೇಳುತ್ತಾರೆ, "ಏನಾಗಿತ್ತವಾ?" ಅಂತ. ಮನೆಯವರು ಮೊದಲಿನಿಂದ ಹೇಳುತ್ತಾರೆ. ಮತ್ತೊಬ್ಬರು ಬಂದರೆ ಮತ್ತೆ ಮೊದಲಿನಿಂದ. ಹದಿಮೂರು ದಿನ ಇದೇ ನಡೆಯುತ್ತದೆ. ಅಯೋನಾ ಬೇಡಿಕೊಂಡು ತಿರುಗಿದ್ದು ಇದಕ್ಕೇ. ಆ ದೊಡ್ಡ ಊರಿನಲ್ಲಿ ಅವನನ್ನು ಮಾತಾಡಿಸಾಕ ಯಾರೂ ಬರಲಿಲ್ಲ.

ಅಪ್ಪ ಹೋಗಿ 11 ವರ್ಷ ಆಯಿತು. ಹದಿಮೂರು ದಿನ ಮುಗಿದ ಮೇಲೂ ಅವ್ವ ಹೇಳುತ್ತಲೇ ಇದ್ದಳು. ಹಾಲಿನವನಿಗೆ, ಕಾಯಿಪಲ್ಯೆ ಮಾರುವವಳಿಗೆ, ಫೋನ್ ಮಾಡಿದ ನನ್ನ ಗೆಳತಿಯರಿಗೆ. "ಸೋಮವಾರ ಮುಂಜಾನೆ ಚಾ ಕುಡದ್ರು, ಅವಾಗೇನೂ ಇರಲಿಲ್ಲ ನೋಡ್ರಿ..." ಅಂತ ಶುರು ಮಾಡುತ್ತಿದ್ದಳು. ನಾನು ನಡುವೆ ಬಾಯಿ ಹಾಕಿ ನಿಲ್ಲಿಸುತ್ತಿದ್ದೆ. "ಎಷ್ಟು ಸಲ ಹೇಳ್ತೀ ಅವ್ವಾ, ಸಾಕು ಬಿಡು." ಅವಳಿಗೆ ಮತ್ತೆ ಮತ್ತೆ ನೋವಾಗಬಾರದು ಅಂತ ಹಾಗೆ ಮಾಡಿದೆ ಅಂದುಕೊಂಡಿದ್ದೆ. ನನಗೇ ಕೇಳಲು ಆಗುತ್ತಿರಲಿಲ್ಲ ಅನ್ನುವುದು ಖರೆ.

ಹುಡುಗಿಗೆ ಇದನ್ನು ಹೇಳಲಿಲ್ಲ. ಆದರೆ ಆನಂದರ ಕತೆ ಹೇಳಿದೆ. ಅಜ್ಜಂಪುರ ಸೀತಾರಾಮ್ ಅವರ ಕಾವ್ಯನಾಮ ಆನಂದ. ಅವರ 'ನಾನು ಕೊಂದ ಹುಡುಗಿ' ಅವಳ ಸಿಲಬಸ್ಸಿನಲ್ಲಿ ಇಲ್ಲ, ಆದರೂ ಓದು ಅಂದೆ. ಹಳೆಯ ಗುಡಿ, ಶಿಲ್ಪ ನೋಡುತ್ತಾ ತಿರುಗುವ ಓದಿದ ಗಂಡಸೊಬ್ಬ ಹಳ್ಳಿಯ ಪಟೇಲರ ಮನೆಯಲ್ಲಿ ಉಳಿದುಕೊಳ್ಳುತ್ತಾನೆ. ಆ ಮನೆಯ ಮಗಳು ಚೆನ್ನಿ. ದೇವರ ಹೆಸರಿನಲ್ಲಿ ಬಸವಿ ಬಿಟ್ಟ ಹುಡುಗಿ, ಅಂದರೆ ಮದುವೆ ಮಾಡದೆ ದೇವರಿಗೆ ಬಿಟ್ಟವಳು. ರಾತ್ರಿ ಅವನ ಕೋಣೆಗೆ ಬರುತ್ತಾಳೆ. ಅದು ತನ್ನ ಕರ್ತವ್ಯ ಅಂತಲೇ ನಂಬಿಕೊಂಡು ಬೆಳೆದವಳು. ಅವನು ಅವಳನ್ನು ಮುಟ್ಟುವುದಿಲ್ಲ. ಇದು ಪಾಪ, ದೇವರು ಇಂಥದ್ದನ್ನು ಮೆಚ್ಚುವುದಿಲ್ಲ ಅಂತ ತಿಳಿಸಿ ಹೇಳುತ್ತಾನೆ. ಆಮೇಲೆ ಚೆನ್ನಿ ಬಾವಿಗೆ ಹಾರಿ ಸಾಯುತ್ತಾಳೆ.

ಬಸವಿ ಅಂದರೆ ಏನು ಅಂತ ನಮ್ಮ ಕಡೆಯ ಹುಡುಗಿಗೆ ಬಿಡಿಸಿ ಹೇಳಬೇಕಾಗಿಲ್ಲ. ಸವದತ್ತಿ ಎಲ್ಲಮ್ಮನ ಗುಡ್ಡ ಇಲ್ಲೇ ಇದೆ. ಮುತ್ತು ಕಟ್ಟುವುದು, ಅಂದರೆ ಹುಡುಗಿಯನ್ನು ದೇವದಾಸಿ ಮಾಡುವುದು, ಅನ್ನುವ ಮಾತು ಎಲ್ಲರೂ ಕೇಳಿದ್ದೇ. ಮುಂಬಯಿ ಪ್ರಾಂತದಲ್ಲಿದ್ದಾಗಲೇ, 1934ರಲ್ಲಿ, ಇದರ ವಿರುದ್ಧ ಒಂದು ಕಾಯ್ದೆ ಬಂದಿತ್ತು. ಆಮೇಲೆ ಕರ್ನಾಟಕದ ಕಾಯ್ದೆ, 1982ರದ್ದು. ಅದಕ್ಕೇ ಇರಬೇಕು, ಹುಡುಗಿ ತಕ್ಷಣ "ಹಂಗಾರ ಆಶಯ ಮೂಢನಂಬಿಕೆ ಅಲ್ರೀ ಕಾಕೂ?" ಅಂದಳು.

ಮೂಢನಂಬಿಕೆಯೇ ಆಶಯವಾಗಿದ್ದರೆ ಕತೆಗೆ ಬೇರೆ ಹೆಸರು ಇರುತ್ತಿತ್ತು. ಕೊಂದವರು ಊರವರು, ಅಪ್ಪ ಅವ್ವ, ಹರಕೆ ಅಂತ ಬರೆಯಬಹುದಿತ್ತು. ಆನಂದರು 'ನಾನು' ಅಂದರು. ಒಳ್ಳೆಯವನು, ಸಂಯಮ ಇರುವವನು, ಸರಿಯಾದ ಮಾತನ್ನೇ ಆಡಿದವನು, ಅವನೇ 'ನಾನು ಕೊಂದೆ' ಅನ್ನುತ್ತಾನೆ. ಈ ಕತೆಯ ಭಾರ ಎಲ್ಲಾ ಅಲ್ಲಿದೆ ಅಂತ ನನ್ನ ಭಾವನೆ. ಅವನು ಅವಳನ್ನು ಪ್ರಶ್ನೆ ಕೇಳುತ್ತಾನೆ ನಿಜ. ಅವಳು ಹೇಳುತ್ತಾಳೆ ಕೂಡ. ಆದರೆ ಅವಳ ಉತ್ತರವನ್ನು ಅವನು ಅವಳಿಗಾಗಿ ಕೇಳಿಸಿಕೊಳ್ಳುತ್ತಿಲ್ಲ, ತನ್ನ ಮುಂದಿನ ಮಾತಿಗಾಗಿ ಕೇಳಿಸಿಕೊಳ್ಳುತ್ತಿದ್ದಾನೆ. ನಿನ್ನೆಯವರೆಗೆ ಮಾಡಿದ್ದೆಲ್ಲ ಪಾಪ ಅಂತ ತಿಳಿದ ಹುಡುಗಿ, ಬೆಳಗಾದ ಮೇಲೆ ಅದೇ ಮನೆಯಲ್ಲಿ, ಅದೇ ಅಪ್ಪ ಅವ್ವನ ಎದುರು ಹೇಗೆ ಇರಬೇಕು? ಅದು ಅವನಿಗೆ ಹೊಳೆಯುವುದೇ ಇಲ್ಲ. ಮಂಗಮ್ಮನ ಕತೆಯ ಗೃಹಿಣಿ ಚೆನ್ನಿಗೆ ಸಿಕ್ಕಿದ್ದರೆ ಅಂತ ನಾನು ಎಷ್ಟೋ ಸಲ ಅಂದುಕೊಂಡಿದ್ದೇನೆ. ಅವಳು ಚೆನ್ನಿಯನ್ನು ಪಕ್ಕದಲ್ಲಿ ಕೂರಿಸಿಕೊಳ್ಳುತ್ತಿದ್ದಳು. ಮೊದಲು ಎಲೆ ಅಡಿಕೆ ಕೊಡುತ್ತಿದ್ದಳು.

ಇದು ಆನಂದರ ಕತೆಯಲ್ಲಿನ ಗಂಡಸನ್ನು ಬೈಯುವುದಕ್ಕೆ ಹೇಳುತ್ತಿರುವುದಲ್ಲ. ಅವನ ಜಾಗದಲ್ಲಿ ನಾನಿದ್ದರೂ ಅದೇ ಮಾತು ಆಡುತ್ತಿದ್ದೆ. ಓದುತ್ತಾ ಓದುತ್ತಾ ನಾವು ಅವನ ಕಡೆಯೇ ಇರುತ್ತೇವೆ, ಹೌದು ಅಂತ ತಲೆಯಾಡಿಸುತ್ತಲೇ ಇರುತ್ತೇವೆ. ಬಾವಿಯ ಸುದ್ದಿ ಬಂದಾಗ ಅವನ ಜೊತೆ ನಾವೂ ಸಿಕ್ಕಿಬೀಳುತ್ತೇವೆ.

ಹುಡುಗಿ ನಿನ್ನೆ ಮತ್ತೆ ಬಂದಿದ್ದಳು. ಪಾತ್ರ ಚಿತ್ರಣ ಬರೆದು ತಂದಿದ್ದಳು, ಒಂದೂವರೆ ಪುಟ. ಮಂಗಮ್ಮನ ಬಗ್ಗೆ ಬರೆಯುವ ಮೊದಲು ಮೊಸರು ಕೊಳ್ಳುವ ಹೆಂಗಸಿನ ಬಗ್ಗೆ ಬರೆದಿದ್ದಾಳೆ. ಪರೀಕ್ಷೆಯಲ್ಲಿ ಮಾಸ್ತರರು ಇದಕ್ಕೆ ಎಷ್ಟು ಮಾರ್ಕ್ಸ್ ಕೊಡುತ್ತಾರೋ, ನಾನಾದರೆ ಪೂರ್ತಿ ಕೊಡುತ್ತಿದ್ದೆ.

ಅವಳು ಹೋದ ಮೇಲೆ ಅವ್ವನ ಕೋಣೆಗೆ ಹೋದೆ. ಅವಳಿಗೆ ಈಗ 82. ಹಾಸಿಗೆಯ ಮೇಲೆ ಕೂತು ಹೂಬತ್ತಿ ಮಾಡುತ್ತಿದ್ದಳು. ಪಕ್ಕದಲ್ಲಿ ಕೂತು, "ಅವ್ವಾ, ಅಪ್ಪಾಗ ಅವತ್ತು ಏನಾತು, ಮೊದಲಿಂದ ಹೇಳು" ಅಂದೆ. ನನ್ನ ಮುಖ ನೋಡಿದಳು. ಹತ್ತಿ ಕೆಳಗಿಟ್ಟಳು. "ಸೋಮವಾರ ಮುಂಜಾನೆ ಚಾ ಕುಡದ್ರು" ಅಂತ ಶುರು ಮಾಡಿದಳು. ನಾನು ನಡುವೆ ಮಾತಾಡಲಿಲ್ಲ. ಆಟೋ, ಆಸ್ಪತ್ರೆ, ಡಾಕ್ಟರು, ಮಂಗಳವಾರ ರಾತ್ರಿ, ಎಲ್ಲಾ ನನಗೆ ಗೊತ್ತಿದ್ದದ್ದೇ. ಆಮೇಲೆ ನಾನು ಯಾವತ್ತೂ ಕೇಳದೇ ಇದ್ದ ಒಂದು ಮಾತು ಬಂತು, ಯಾಕೆಂದರೆ ಅಲ್ಲಿಯವರೆಗೆ ಅವಳಿಗೆ ಹೇಳಲು ನಾನು ಬಿಟ್ಟೇ ಇರಲಿಲ್ಲ. "ನೀವೆಲ್ಲಾ ಅವರನ್ನ ಗಾಡ್ಯಾಗ ಹಾಕ್ಕೊಂಡು ಮುಂದ ಬಂದ್ರಿ. ಅವರ ಚಪ್ಪಲಿ ಮಂಚದ ಕೆಳಗ ಇದ್ವು. ಯಾರೂ ನೋಡಿರಲಿಲ್ಲ. ನಾ ಚೀಲದಾಗ ಹಾಕ್ಕೊಂಡು, ಮಡಿಲಾಗ ಇಟ್ಕೊಂಡು ಬಂದೆ."