ಮೂರು ಗಂಟೆ ಪರೀಕ್ಷೆಗೆ ಇನ್ನೊಂದು ಗಂಟೆ

ತುಮಕೂರಿನಲ್ಲಿ ಬಿ.ಎ. ಓದುವಾಗ ನಮ್ಮ ವಿದ್ಯಾರ್ಥಿ ಸಂಘದ ಕಾರ್ಯದರ್ಶಿ ನಾನೇ. ನನಗೆ ದೃಷ್ಟಿ ತೀರಾ ಕಡಿಮೆ. ಪರೀಕ್ಷೆಯಲ್ಲಿ ನಾನು ಉತ್ತರ ಹೇಳಬೇಕು, ಇನ್ನೊಬ್ಬರು ಬರೆಯಬೇಕು.

2018ರ ಕೇಂದ್ರದ ಮಾರ್ಗಸೂಚಿ ಪ್ರಕಾರ ನಮ್ಮಂಥವರಿಗೆ ಗಂಟೆಗೆ ಕನಿಷ್ಠ 20 ನಿಮಿಷ ಜಾಸ್ತಿ ಕೊಡಬೇಕಿತ್ತು. ಮೂರು ಗಂಟೆಗೆ ಇನ್ನೊಂದು ಗಂಟೆ. ಆದರೆ ಒಬ್ಬ ಮೇಲ್ವಿಚಾರಕರು, 'ಎಲ್ಲರಿಗೂ ಒಂದೇ ಟೈಮಮ್ಮ, ನಿನಗೆ ಮಾತ್ರ ಯಾಕೆ?' ಎಂದರು. ಮಾರ್ಗಸೂಚಿಯ ಪ್ರತಿ ಬ್ಯಾಗಿನಲ್ಲೇ ಇತ್ತು. ತೆಗೆದು ಕೊಟ್ಟೆ. ಓದಿದರು, ಸಮಯ ಕೊಟ್ಟರು. ಇದು ದಯೆ ಅಲ್ಲ, ಹಕ್ಕು ಅಲ್ವಾ?

ಅಂದಿನಿಂದ ಸಂಘದಲ್ಲಿ ನನ್ನ ಮುಖ್ಯ ಕೆಲಸ ಬರೆಯುವವರನ್ನು ಹುಡುಕುವುದು. ಆಗಿನ ಆ ಮಾರ್ಗಸೂಚಿ ಪ್ರಕಾರ, ನಾವೇ ಕರೆತಂದರೆ ಅವರ ಓದು ನಮಗಿಂತ ಒಂದು ಹಂತ ಕೆಳಗಿರಬೇಕಿತ್ತು. ಹಾಗಾಗಿ ಪಿಯುಸಿ ಮಕ್ಕಳ ಮನೆಗೆ ಹೋಗಿ ಅಪ್ಪ ಅಮ್ಮನನ್ನು ಒಪ್ಪಿಸಬೇಕಿತ್ತು. ಅಕ್ಷರ ಚೆನ್ನಾಗಿದ್ದರೆ ಸಾಲದು, ಹೇಳಿದ್ದನ್ನು ಹೇಳಿದ ಹಾಗೇ ಬರೆಯುವ ತಾಳ್ಮೆ ಬೇಕು. ಕಾಲೇಜಿನಲ್ಲಿ ಗಾಲಿಕುರ್ಚಿ ಹೋಗುವಂಥ ಇಳಿಜಾರು ದಾರಿ, ಶೌಚಾಲಯಕ್ಕೂ ಅರ್ಜಿ ಕೊಟ್ಟೆವು. ಅದು ನಿಧಾನ.

2016ರ ಅಂಗವಿಕಲರ ಹಕ್ಕುಗಳ ಕಾಯ್ದೆ 21 ಬಗೆಯ ಅಂಗವೈಕಲ್ಯಗಳನ್ನು ಗುರುತಿಸಿದೆ. ಸರ್ಕಾರಿ, ಅನುದಾನಿತ ಕಾಲೇಜುಗಳಲ್ಲಿ ಕನಿಷ್ಠ ಶೇ 5 ಸೀಟು ನಮಗಿದೆ. ಇದು ಗೊತ್ತಿಲ್ಲದೆ ಓದು ಬಿಟ್ಟವರನ್ನು ನೋಡಿದ್ದೇನೆ, ಹೊಟ್ಟೆ ಉರಿಯುತ್ತದೆ. ಪದವಿ ಮುಗಿದರೂ ಜೂನಿಯರ್‌ಗಳು ಫೋನ್ ಮಾಡುತ್ತಾರೆ. ಮೊದಲು ಯುಡಿಐಡಿ ಕಾರ್ಡ್, ಅಂದರೆ ಅಂಗವಿಕಲರ ಗುರುತಿನ ಚೀಟಿ, ಮಾಡಿಸಿ ಎನ್ನುತ್ತೇನೆ.