ಫಿಟ್ಜ್‌ರಾಯ್ ಕಂಬ: ಕೋನ್ ಮುಗಿಯಿತು, ಡ್ರಮ್ ಅರ್ಧಕ್ಕೆ ಬಂತು

1861ರಲ್ಲಿ ಬ್ರಿಟನ್ನಿನ ಬಂದರುಗಳಲ್ಲಿ ಬಿರುಗಾಳಿಗೆ ಮೊದಲು ಎಚ್ಚರಿಕೆಯಾಗಿ ಕಂಬಕ್ಕೆ ಏರಿಸುತ್ತಿದ್ದ ಕೋನ್ ಮತ್ತು ಡ್ರಮ್‌ಗಳನ್ನು ಮೂಲ ಅಳತೆಯಲ್ಲೇ ಮಾಡುವುದು, ಕಂಬದ ಬುಡದಲ್ಲಿ ಗಾಳಿಯ ಒತ್ತಡ ಅಳೆಯುವ ಮೀನುಗಾರರ ಬ್ಯಾರೋಮೀಟರನ್ನು ಪಾದರಸವಿಲ್ಲದೆ ಮಾಡಿ ಇಡುವುದು: ಈ ಯೋಜನೆ ಇಷ್ಟೇ. ಎರಡನ್ನೂ ರೂಪಿಸಿದವರು ರಾಬರ್ಟ್ ಫಿಟ್ಜ್‌ರಾಯ್. ಡಾರ್ವಿನ್ ಪ್ರಯಾಣ ಮಾಡಿದ ಬೀಗಲ್ ಹಡಗಿನ ಕ್ಯಾಪ್ಟನ್ ಎಂದಷ್ಟೇ ಅವರನ್ನು ನೆನೆಯುವುದು ಅನ್ಯಾಯ. ಹವಾಮಾನದ ಎಚ್ಚರಿಕೆಯನ್ನು ಕಡಲ ಮೇಲಿರುವ, ಓದು ಬರದ ಮೀನುಗಾರನ ಕಣ್ಣಿಗೂ ಮುಟ್ಟಿಸಲು ಹೊರಟವರು ಅವರು. ಈ ಸಲಕರಣೆಗಳ ಒಂದೊಂದು ಅಳತೆಯೂ ಆ ಉದ್ದೇಶದಿಂದಲೇ ಹುಟ್ಟಿದ್ದು. ಅದಕ್ಕೇ ಅಳತೆ ಬದಲಿಸದೆ ಮಾಡುತ್ತಿದ್ದೇವೆ.

ಕೋನ್

ಎತ್ತರ 3 ಅಡಿ, ಬುಡದ ಅಗಲ 3 ಅಡಿ, ಬಣ್ಣ ಕಪ್ಪು. ಬಾವುಟ ಬಿಟ್ಟು ಕೋನ್ ಯಾಕೆ? ಬಾವುಟ ಗಾಳಿಯ ದಿಕ್ಕಿಗೆ ಹಾರುತ್ತದೆ. ಆ ದಿಕ್ಕಿನಲ್ಲೇ ನಿಂತು ನೋಡಿದವನಿಗೆ ಅದು ಬರೀ ಗೆರೆ. ಗಾಳಿ ಇಲ್ಲದಾಗ ಜೋತು ಬೀಳುತ್ತದೆ. ಎಚ್ಚರಿಕೆ ಬೇಕಾಗುವುದು ಬಿರುಗಾಳಿಗೆ ಮುಂಚಿನ ಆ ಶಾಂತ ಹೊತ್ತಿನಲ್ಲೇ. ದೂರ ಹೋದಂತೆ ಬಣ್ಣವೂ ಗುರುತಾಗದು. ಕೋನ್ ಯಾವ ದಿಕ್ಕಿನಿಂದ ನೋಡಿದರೂ ತ್ರಿಕೋನ, ಡ್ರಮ್ ಯಾವ ದಿಕ್ಕಿನಿಂದ ನೋಡಿದರೂ ಚೌಕ. 91 ಸೆಂ.ಮೀ. ಆಕೃತಿ ಸುಮಾರು 3 ಕಿ.ಮೀ. ದೂರದಲ್ಲಿ ಬರಿಗಣ್ಣಿಗೆ ಚುಕ್ಕೆಯಷ್ಟೇ. ತ್ರಿಕೋನವೋ ಚೌಕವೋ ಎಂದು ಹೇಳಬೇಕಾದರೆ 1 ಕಿ.ಮೀ. ಆಸುಪಾಸಿಗೆ ಬರಬೇಕು; ಹಡಗಿನ ದುರ್ಬೀನಿದ್ದರೆ ಅದರ ಹಲವು ಪಟ್ಟು ದೂರದಿಂದಲೂ ತಿಳಿಯುತ್ತದೆ.

ಕತ್ತರಿಸುವ ಲೆಕ್ಕ ಹೀಗಿದೆ. ಓರೆ ಎತ್ತರ 102.2 ಸೆಂ.ಮೀ., ಬುಡದ ಸುತ್ತಳತೆ 287 ಸೆಂ.ಮೀ. ಬಿಡಿಸಿ ಹಾಸಿದರೆ 161 ಡಿಗ್ರಿಯ ಬೀಸಣಿಗೆ. ಒಂದೇ ತುಂಡಿನಲ್ಲಿ ತೆಗೆಯಲು 1 ಮೀಟರಿಗೂ ಹೆಚ್ಚು ಪನ್ನದ ಬಟ್ಟೆ ಬೇಕು. ಆದ್ದರಿಂದ ನಾಲ್ಕು ತುಂಡು: ಪ್ರತಿಯೊಂದೂ 40 ಡಿಗ್ರಿಗೆ ತುಸು ಹೆಚ್ಚು, ಬುಡದ ಕಂಸ 71.8 ಸೆಂ.ಮೀ., ಸುತ್ತ ಒಂದೂವರೆ ಸೆಂ.ಮೀ. ಹೊಲಿಗೆಗೆ, ಬುಡದಲ್ಲಿ 4 ಸೆಂ.ಮೀ. ಮಡಿಕೆಗೆ. 36 ಇಂಚು ಪನ್ನದ ಹತ್ತಿ ಕ್ಯಾನ್ವಾಸ್ ನಾಲ್ಕೂವರೆ ಮೀಟರ್ ಸಾಕು. ನಾಲ್ಕು ಹೊಲಿಗೆಯಾಗುವುದು ಒಳ್ಳೆಯದೇ. ಪ್ರತಿ ಹೊಲಿಗೆಯ ಮೇಲೆ 25 ಮಿ.ಮೀ. ನೈಲಾನ್ ಪಟ್ಟಿ ಕೂರಿಸಿ, ತುದಿಯ ಉಕ್ಕಿನ ರಿಂಗಿನಿಂದ ಬುಡದ ಬಳೆಯವರೆಗೆ ಎಳೆದಿದ್ದೇವೆ. ಪಟ್ಟಿ ಇಲ್ಲದಿದ್ದರೆ ಭಾರವೆಲ್ಲ ಬಟ್ಟೆಯ ಮೇಲೆ ಬಿದ್ದು, ಓರೆ ದಾರಗಳು ಹಿಗ್ಗಿ, ಕೋನ್ ಸೊಟ್ಟಗಾಗುತ್ತದೆ.

ಬಳೆಗೆ 6 ಮಿ.ಮೀ. ಎಂ.ಎಸ್. (ಮೆದು ಉಕ್ಕಿನ) ರಾಡ್, 290 ಸೆಂ.ಮೀ. ಉದ್ದ, 3 ಸೆಂ.ಮೀ. ಒಂದರ ಮೇಲೊಂದು ಇಟ್ಟು ವೆಲ್ಡಿಂಗ್. ಸಣ್ಣ ರಾಡಾದರೆ ಗಾಳಿಗೆ ಬಳೆ ಮೊಟ್ಟೆಯಾಕಾರಕ್ಕೆ ತಿರುಗುತ್ತದೆ. ಬಟ್ಟೆಯೊಳಗೆ ಸೇರಿಸುವ ಮೊದಲು ರೆಡ್ ಆಕ್ಸೈಡ್ ಬಳಿಯಲೇಬೇಕು. ತುಕ್ಕು ಹತ್ತಿ ಬಟ್ಟೆಯನ್ನು ತಿಂದುಹಾಕುತ್ತದೆ. ಒಂದೇ ಬಳೆಯಿದ್ದರೆ ಗಾಳಿ ಬಡಿಯುವ ಬದಿ ಒಳಕ್ಕೆ ಕುಸಿದು ತ್ರಿಕೋನ ಸಣಕಲಾಗಿ ಕಾಣುತ್ತದೆ. ಅದಕ್ಕಾಗಿ ಅರ್ಧ ಎತ್ತರದಲ್ಲಿ ಎರಡನೇ ಬಳೆ, ಸುತ್ತಳತೆ 143.6 ಸೆಂ.ಮೀ.

ತುದಿ ಮೇಲಿದ್ದರೆ ಉತ್ತರದ ಕಡೆಯಿಂದ ಬಿರುಗಾಳಿ, ಕೆಳಗಿದ್ದರೆ ದಕ್ಷಿಣದ ಕಡೆಯಿಂದ. ಒಂದೇ ಕೋನ್ ಎರಡಕ್ಕೂ ಆಗಬೇಕಾದ್ದರಿಂದ ತುದಿಯಲ್ಲಿ ಒಂದು ರಿಂಗು, ಬುಡದ ಬಳೆಯಿಂದ ಸಮ ಅಂತರದ ಮೂರು ಹಗ್ಗ ಬಂದು ಸೇರುವ ಇನ್ನೊಂದು ರಿಂಗು. ಮೇಲಿನ ರಿಂಗಿಗೆ ಏರಿಸುವ ಹಗ್ಗ, ಕೆಳಗಿನದಕ್ಕೆ ಇಳಿಸುವ ಹಗ್ಗ. ಇಳಿಸುವ ಹಗ್ಗ ಇಲ್ಲದೆ ಏರಿಸಿದರೆ ಗಾಳಿಯಲ್ಲಿ ಕೋನ್ ಅಡ್ಡಡ್ಡ ಹಾರಿ, ಉತ್ತರವೋ ದಕ್ಷಿಣವೋ ತಿಳಿಯದು. ತುದಿ ಕೆಳಗಿದ್ದಾಗ ಮಳೆನೀರು ತುಂಬುತ್ತದೆ. ತುದಿಯಿಂದ ನಾಲ್ಕು ಬೆರಳು ಬಿಟ್ಟು ಎರಡು ಹಿತ್ತಾಳೆ ಐಲೆಟ್ (ಅಂಚುಗಟ್ಟಿದ ತೂತು) ಹಾಕಿದರೆ ಹರಿದುಹೋಗುತ್ತದೆ.

ಬಣ್ಣಕ್ಕೆ ಅಗಸೆ ಎಣ್ಣೆಯಲ್ಲಿ ಕಲಸಿದ ದೀಪದ ಮಸಿ, ತೆಳುವಾಗಿ ಎರಡು ಸಲ. ದಪ್ಪ ಬಳಿದರೆ ಮಡಿಚಿದಲ್ಲೆಲ್ಲ ಬಿರುಕು. ಅಗಸೆ ಎಣ್ಣೆ ಒರೆಸಿದ ಬಟ್ಟೆಯನ್ನು ಉಂಡೆ ಮಾಡಿ ಎಸೆಯಬಾರದು. ಎಣ್ಣೆ ಒಣಗುವಾಗ ಹುಟ್ಟುವ ಕಾವಿಗೆ ತಾನಾಗಿ ಬೆಂಕಿ ಹತ್ತಬಹುದು. ಹೊರಗೆ ಹರಡಿ ಒಣಗಿಸಬೇಕು.

ಡ್ರಮ್

ಡ್ರಮ್ಮೊಂದೇ ಏರಿದರೆ ಒಂದರ ಹಿಂದೊಂದು ಬೇರೆ ಬೇರೆ ದಿಕ್ಕಿನಿಂದ ಬಿರುಗಾಳಿ. ಡ್ರಮ್ಮಿನ ಮೇಲೆ ತುದಿ ಮೇಲಾದ ಕೋನ್ ಇದ್ದರೆ ಅಪಾಯಕಾರಿ ಗಾಳಿ, ಮೊದಲು ಉತ್ತರದಿಂದ. ಡ್ರಮ್ಮಿನ ಕೆಳಗೆ ತುದಿ ಕೆಳಗಾದ ಕೋನ್ ಇದ್ದರೆ ಮೊದಲು ದಕ್ಷಿಣದಿಂದ. ಬಟ್ಟೆ 290 × 97 ಸೆಂ.ಮೀ., ಬಳೆ ಮೂರು. ಹೊಲಿಗೆ ಮುಗಿದಿದೆ, ಒಳಗಿನ ಹಗ್ಗ ಬಾಕಿ. ಮೇಲಿನ ಬಳೆಯಿಂದ ಕೆಳಗಿನದಕ್ಕೆ ನಾಲ್ಕು ಸಮ ಉದ್ದದ ಹಗ್ಗ ಕಟ್ಟದಿದ್ದರೆ ಬಳೆಗಳು ವಾಲಿ ಚೌಕ ಓರೆಯಾಗುತ್ತದೆ. ಎರಡನ್ನೂ ಒಟ್ಟಿಗೆ ಏರಿಸುವಾಗ ನಡುವೆ 45 ಸೆಂ.ಮೀ. ಬಿಡುವುದು ನಮ್ಮ ತೀರ್ಮಾನ; ಅಂಟಿಸಿಟ್ಟರೆ ದೂರಕ್ಕೆ ಎರಡೂ ಸೇರಿ ಒಂದೇ ಕಪ್ಪು ಮುದ್ದೆ.

ಕಂಬ

6 ಮೀಟರಿನ ಎರಡು ಇಂಚು ಜಿ.ಐ. (ಸತು ಲೇಪಿಸಿದ ಕಬ್ಬಿಣದ) ಪೈಪು. ಇಲ್ಲಿ ಅಂದಾಜು ನಡೆಯದು. ಗಾಳಿಯ ಬಲ ಅಳೆಯುವ ಬ್ಯೂಫೋರ್ಟ್ ಮಾಪನದ 10ನೇ ಬಲ ಎಂದರೆ ಸೆಕೆಂಡಿಗೆ 25 ಮೀಟರ್ ಆಸುಪಾಸಿನ ಗಾಳಿ. (ಈ ಮಾಪನ ಮೊದಲು ಅಧಿಕೃತವಾಗಿ ಬಳಕೆಯಾದದ್ದು ಫಿಟ್ಜ್‌ರಾಯ್ ಅವರ ಬೀಗಲ್‌ನಲ್ಲೇ, 1831ರಲ್ಲಿ ಹೊರಟ ಪ್ರಯಾಣದಲ್ಲಿ.) ಆ ಗಾಳಿಯಲ್ಲಿ ಕೋನ್ ಮೇಲೆ ಸುಮಾರು 16 ಕೆ.ಜಿ., ಡ್ರಮ್ ಮೇಲೆ ಸುಮಾರು 32 ಕೆ.ಜಿ. ಒತ್ತು ಬೀಳುತ್ತದೆಂದು ಲೆಕ್ಕ ಹಿಡಿದಿದ್ದೇವೆ. ಒಟ್ಟು 48 ಕೆ.ಜಿ. ಬುಡದಿಂದ 5 ಮೀಟರ್ ಮೇಲೆ ಅಡ್ಡ ಎಳೆದರೆ ಸ್ಟೇ ವೈರ್ (ಕಂಬವನ್ನು ಎಳೆದು ಹಿಡಿಯುವ ತಂತಿ) ಇಲ್ಲದ ಪೈಪು ಬುಡದಲ್ಲಿ ಬಾಗಿ ಹಾಗೇ ನಿಲ್ಲುತ್ತದೆ. ಮೂರು ಸ್ಟೇ ವೈರ್, ಪ್ರತಿಯೊಂದಕ್ಕೂ ತಂತಿ ಬಿಗಿಯುವ ಟರ್ನ್‌ಬಕಲ್, ನೆಲದ ಗೂಟ ಕಂಬದಿಂದ ಕನಿಷ್ಠ 3 ಮೀಟರ್ ದೂರ. ಅರ್ಥಿಂಗ್ ಕಡ್ಡಾಯ. ಬೀಗಲ್‌ಗೆ ವಿಲಿಯಂ ಸ್ನೋ ಹ್ಯಾರಿಸ್ ಅವರ ಮಿಂಚುವಾಹಕಗಳನ್ನು ಕೂರಿಸಿದ್ದರು, ಬಹುಪಾಲು ಹಡಗುಗಳಲ್ಲಿ ಅವು ಇಲ್ಲದ ಕಾಲದಲ್ಲಿ. ಗುಡುಗಿದ್ದಾಗ ಕಂಬ ಮುಟ್ಟುವಂತಿಲ್ಲ.

ಬ್ಯಾರೋಮೀಟರ್

ಹೆಚ್ಚು ಕೆಲಸ ಹಿಡಿದಿರುವುದು ಇದೇ. 1829ರ ಜನವರಿ 30ರಂದು ದಕ್ಷಿಣ ಅಮೆರಿಕದ ಮಾಲ್ಡೊನಾಡೊ ಬಳಿ ಪಾಂಪೆರೊ ಬಿರುಗಾಳಿ ಬೀಗಲ್‌ಗೆ ಬಡಿದು ಇಬ್ಬರು ನಾವಿಕರು ಸತ್ತರು. ಬ್ಯಾರೋಮೀಟರ್ ಮುಂಚೆಯೇ ಇಳಿದಿತ್ತು. ತಾನದನ್ನು ಲೆಕ್ಕಿಸಲಿಲ್ಲವೆಂದು 23 ವರ್ಷದ ಕ್ಯಾಪ್ಟನ್ ಫಿಟ್ಜ್‌ರಾಯ್ ಮುಂದೆ ಬರೆದುಕೊಂಡರು. ಮೂವತ್ತು ವರ್ಷದ ಮೇಲೆ ಮೀನುಗಾರರ ಹಳ್ಳಿಗಳಿಗೆ ಅವರು ಕೊಡಿಸಿದ ಬ್ಯಾರೋಮೀಟರಿನ ಹಲಗೆಯಲ್ಲಿ ಆ ಪಾಠ ಕೂತಿದೆ. ಹಳೆಯ ಬ್ಯಾರೋಮೀಟರುಗಳಲ್ಲಿ ಪಾದರಸ ನಿಲ್ಲುವ ಇಂತಿಷ್ಟು ಇಂಚಿನ ಎತ್ತರಕ್ಕೆ "ಮಳೆ", ಇಂತಿಷ್ಟಕ್ಕೆ "ಬದಲು", "ಒಳ್ಳೆ ಹವೆ" ಎಂದಿರುತ್ತಿತ್ತು. ಫಿಟ್ಜ್‌ರಾಯ್ ನೋಡಲು ಹೇಳಿದ್ದು ಪಾದರಸ ಎಲ್ಲಿದೆ ಎಂದಲ್ಲ, ಏರುತ್ತಿದೆಯೋ ಇಳಿಯುತ್ತಿದೆಯೋ ಎಂದು: ಏರಿದರೆ ಈಶಾನ್ಯದ ಕಡೆಯ ಗಾಳಿ, ಒಣಹವೆ ಇಲ್ಲವೇ ಗಾಳಿ ಕಡಿಮೆ, ಇಳಿದರೆ ನೈಋತ್ಯದ ಕಡೆಯದು, ಮಳೆ ಇಲ್ಲವೇ ಗಾಳಿ ಜಾಸ್ತಿ.

ಜನ ಓಡಾಡುವ ಜಾಗದಲ್ಲಿ ಪಾದರಸ ಬೇಡ. ಒತ್ತಡ ಅಳೆಯುವ ಬಿಎಂಪಿ280 ಸೆನ್ಸರ್, ಹಂತ ಹಂತವಾಗಿ ತಿರುಗುವ ಸಣ್ಣ ಸ್ಟೆಪ್ಪರ್ ಮೋಟಾರ್, ಒಂದು ಸುತ್ತಿಗೆ 8 ಮಿ.ಮೀ. ಸರಿಸುವ ಸ್ಕ್ರೂ, ಅದರ ಮೇಲೆ ಏರಿಳಿಯುವ ಸೂಚಿ. 27ರಿಂದ 31 ಇಂಚಿನ ಪಟ್ಟಿಯನ್ನು ನಿಜ ಅಳತೆಯಲ್ಲೇ ಮುದ್ರಿಸಿದ್ದೇವೆ. ಒತ್ತಡದ ಅಳತೆಮಾನವಾದ ಒಂದು ಹೆಕ್ಟೊಪ್ಯಾಸ್ಕಲ್‌ಗೆ ಸೂಚಿ ಮುಕ್ಕಾಲು ಮಿ.ಮೀ. ಸರಿಯುತ್ತದೆ. ಕರೆಂಟು ಹೋಗಿ ಬಂದರೆ ಸೂಚಿಗೆ ತಾನೆಲ್ಲಿದ್ದೆನೆಂದು ತಿಳಿಯದು. ಸೂಚಿ ತಳ ಮುಟ್ಟಿದ್ದನ್ನು ತಿಳಿಸುವ ಲಿಮಿಟ್ ಸ್ವಿಚ್ ಕೆಳಗೊಂದು ಬೇಕೇ ಬೇಕು. ಮೋಟಾರಿನ ಕಾವು ಸೆನ್ಸರಿಗೆ ತಾಗದಂತೆ ಅದನ್ನು ಬೇರೆ ಗೂಡಿನಲ್ಲಿಡಬೇಕು.

ಕರ್ನಾಟಕದಲ್ಲಿ ಇದನ್ನು ನಿಲ್ಲಿಸುವವರಿಗೆ ಮೂರು ತೊಡಕು. 920 ಮೀಟರ್ ಎತ್ತರದ ಬೆಂಗಳೂರಿನಲ್ಲಿ ಒತ್ತಡವೇ ಸುಮಾರು 27 ಇಂಚು, ಸೂಚಿ ಪಟ್ಟಿಯ ತಳ ಬಿಟ್ಟು ಮೇಲೇಳದು. ಸಮುದ್ರಮಟ್ಟಕ್ಕೆ ಹೊಂದಿಸಿ ತೋರಿಸಬೇಕು. ಆ ಲೆಕ್ಕದಲ್ಲಿ ತಾಪಮಾನ ಬರುತ್ತದೆ: ಒಂದು ಡಿಗ್ರಿ ಏರಿದರೆ ಫಲಿತಾಂಶ 0.36 ಹೆಕ್ಟೊಪ್ಯಾಸ್ಕಲ್ ಇಳಿಯುತ್ತದೆ. ಹಗಲಿನ 10 ಡಿಗ್ರಿ ಏರಿಕೆಯನ್ನು ನೇರ ಹಾಕಿದರೆ ಇಲ್ಲದ ಬಿರುಗಾಳಿಯೊಂದು ಮಧ್ಯಾಹ್ನ ಕಾಣಿಸುತ್ತದೆ. ಹಿಂದಿನ 24 ಗಂಟೆಯ ಸರಾಸರಿ ತಾಪಮಾನ ಹಾಕಿದರೆ ಇದು ತಪ್ಪುತ್ತದೆ. ಮೂರನೆಯದು, ಉಷ್ಣವಲಯದಲ್ಲಿ ಒತ್ತಡ ಬೆಳಗ್ಗೆ 10ಕ್ಕೆ ಏರಿ, ಸಂಜೆ 4ಕ್ಕೆ 3 ಹೆಕ್ಟೊಪ್ಯಾಸ್ಕಲಿನಷ್ಟು ಇಳಿಯುವುದು ದಿನನಿತ್ಯದ ವಿಷಯ. ಬ್ರಿಟನ್ನಿನಲ್ಲಿ ಈ ಏರಿಳಿತ ತೀರಾ ಚಿಕ್ಕದು. ಹಾಗಾಗಿ ನಿನ್ನೆ ಇದೇ ಹೊತ್ತಿಗೆ ಎಷ್ಟಿತ್ತೋ ಅದರೊಂದಿಗೆ ಹೋಲಿಸುವಂತೆ ಪ್ರೋಗ್ರಾಂ ಬರೆದಿದ್ದೇವೆ. ಇಷ್ಟಾದರೂ ಹಲಗೆಯ ಈಶಾನ್ಯ–ನೈಋತ್ಯದ ಮಾತು ನಮ್ಮ ಮುಂಗಾರಿಗೆ ಹೊಂದದು. ಅದು ಬ್ರಿಟನ್ನಿನ ಗಾಳಿಗೆ ಬರೆದದ್ದು ಎಂದು ಪಕ್ಕದಲ್ಲೇ ಸ್ಪಷ್ಟವಾಗಿ ಹಾಕುತ್ತಿದ್ದೇವೆ.

ಫಿಟ್ಜ್‌ರಾಯ್ ವಿವರಿಸಿದ, ಹರಳು ನೋಡಿ ಹವೆ ಹೇಳುವ ಕರ್ಪೂರದ ಸ್ಟಾರ್ಮ್ ಗ್ಲಾಸನ್ನು ಕೈಬಿಟ್ಟಿದ್ದೇವೆ. ಬಾಯಿ ಮುಚ್ಚಿದ ಗಾಜಿನೊಳಗಿನ ಹರಳು ಬಹುಪಾಲು ತಾಪಮಾನಕ್ಕೆ ಕುಣಿಯುತ್ತದೆ, ಒತ್ತಡಕ್ಕಲ್ಲ. ಪೂಜೆಯ ಕರ್ಪೂರದಲ್ಲಿ ಬೆರಕೆ ಇರುವುದರಿಂದ ಹರಳೂ ಸರಿಯಾಗಿ ಕಟ್ಟದು.

ಫಲಕ ಮತ್ತು ಲಾಟೀನು

ಫಲಕದ ಬರಹ ಸಿದ್ಧವಿದೆ. 1854ರಲ್ಲಿ ಬ್ರಿಟನ್ನಿನ ವ್ಯಾಪಾರ ಇಲಾಖೆಯಾದ ಬೋರ್ಡ್ ಆಫ್ ಟ್ರೇಡ್‌ನ ಹವಾಮಾನ ವಿಭಾಗ ಶುರುವಾದಾಗ ಅದರ ಹೊಣೆ ಫಿಟ್ಜ್‌ರಾಯ್ ಅವರದು. 1859ರ ಅಕ್ಟೋಬರ್ 25–26ರ ಬಿರುಗಾಳಿಯಲ್ಲಿ ವೇಲ್ಸಿನ ಆಂಗಲ್ಸಿ ದ್ವೀಪದ ತೀರದಲ್ಲಿ ರಾಯಲ್ ಚಾರ್ಟರ್ ಹಡಗು ಒಡೆದು ಸುಮಾರು 450 ಜನ ಸತ್ತರು. ಆಮೇಲೆ ಟೆಲಿಗ್ರಾಫ್ ಮೂಲಕ ವರದಿ ಕಳಿಸುವ ಕೇಂದ್ರಗಳ ಜಾಲ, 1861ರ ಫೆಬ್ರವರಿಯಲ್ಲಿ ಮೊದಲ ಬಿರುಗಾಳಿ ಎಚ್ಚರಿಕೆ, ಆಗಸ್ಟ್ 1ರಂದು ಟೈಮ್ಸ್ ಪತ್ರಿಕೆಯಲ್ಲಿ ಮೊದಲ ಮುನ್ಸೂಚನೆ. ತಪ್ಪಿದ ಮುನ್ಸೂಚನೆಗಳಿಗೆ ಅವರು ಕಟು ಟೀಕೆ ಕೇಳಬೇಕಾಯಿತು. ಕೈಯಲ್ಲಿದ್ದ ಹಣವೆಲ್ಲ ಸಾರ್ವಜನಿಕ ಕೆಲಸಕ್ಕೇ ಕರಗಿತ್ತು. 1865ರ ಏಪ್ರಿಲ್ 30ರಂದು ಅವರು ತಮ್ಮ ಜೀವ ತಾವೇ ತೆಗೆದುಕೊಂಡರು. 1866ರ ಕೊನೆಗೆ ಸರ್ಕಾರ ಎಚ್ಚರಿಕೆಗಳನ್ನು ನಿಲ್ಲಿಸಿತು; ಕೋನ್ ಬೇಕೇ ಬೇಕೆಂದು ಕರಾವಳಿಯ ಜನ ಪಟ್ಟು ಹಿಡಿದರು, 1867ರಲ್ಲಿ ಅವು ಮತ್ತೆ ಏರಿದವು. ಈ ಕೊನೆಯ ಸಾಲನ್ನು ಫಲಕದಲ್ಲಿ ದಪ್ಪಕ್ಷರದಲ್ಲಿ ಹಾಕಿದ್ದೇವೆ. ಭಾರತದ ಮಾತೂ ಒಂದಿದೆ: 1864ರ ಕಲ್ಕತ್ತಾ ಚಂಡಮಾರುತದ ಮರುವರ್ಷ ಆ ಬಂದರಿಗೆ ಎಚ್ಚರಿಕೆ ವ್ಯವಸ್ಥೆ ಬಂತು, ಇಂದು ಮಂಗಳೂರು, ಕಾರವಾರದಂಥ ಬಂದರುಗಳಿಗೆ "ಇಂತಿಷ್ಟನೇ ನಂಬರಿನ ಸಿಗ್ನಲ್" ಎಂದು ಸುದ್ದಿಯಲ್ಲಿ ಕೇಳುವುದು ಇದೇ ಸಂತತಿಯದು.

ಉಳಿದದ್ದು ರಾತ್ರಿಯ ಲಾಟೀನು: ಕೋನ್‌ಗೆ ತ್ರಿಕೋನವಾಗಿ ಮೂರು, ಡ್ರಮ್ಮಿಗೆ ಚೌಕವಾಗಿ ನಾಲ್ಕು. ಒಳಗೆ ಎಲ್‌ಇಡಿ. ಹಗಲಿನ 91 ಸೆಂ.ಮೀ. ಅಂತರವನ್ನೇ ಇಟ್ಟರೆ ಬೆಳಕು ಕಣ್ಣಿನಲ್ಲಿ ಹರಡಿ ದೀಪಗಳು ಬೆಸೆದುಕೊಳ್ಳುತ್ತವೆ. ಮರದ ಚೌಕಟ್ಟನ್ನು 120 ಸೆಂ.ಮೀ.ಗೆ ಕತ್ತರಿಸುತ್ತಿದ್ದೇವೆ, ಎಲ್‌ಇಡಿ ಮುಂದೆ ಹಾಲುಬಣ್ಣದ ಅಕ್ರಿಲಿಕ್ ಹಾಕಿ ಪ್ರಖರತೆ ತಗ್ಗಿಸುವುದು ಮುಂದಿನ ಕೆಲಸ.