ಗೋಡೆಯ ಎಳೆ, ಮಗ್ಗದ ಎಳೆ

ಸಾಗರದಲ್ಲಿ ನಡೆಯಲಿದ್ದ ಕೈಮಗ್ಗದ ಪ್ರದರ್ಶನವೊಂದಕ್ಕೆ, ಮಲೆನಾಡಿನ ದೀವರ ಸಮುದಾಯದ ಹೆಣ್ಣುಮಕ್ಕಳು ಮದುವೆಮನೆಯ ಗೋಡೆಯ ಮೇಲೆ ಬರೆಯುವ ಹಸೆ ಚಿತ್ತಾರವನ್ನು ಆಧರಿಸಿ ಒಂದು ಸೀರೆಯನ್ನೂ, ಅದನ್ನು ತೂಗುಹಾಕುವ ಹಿನ್ನೆಲೆಯನ್ನೂ ವಿನ್ಯಾಸಗೊಳಿಸುವ ಕೆಲಸ ಕಳೆದ ವರ್ಷ ನನ್ನ ಪಾಲಿಗೆ ಬಂತು. ಮೊದಲ ಮಾದರಿಯಲ್ಲಿ ಎಲ್ಲರೂ ಮಾಡುವುದನ್ನೇ ನಾನೂ ಮಾಡಿದೆ. ಗೋಡೆಯ ಫೋಟೊ ತೆಗೆದು, ಮದುಮಕ್ಕಳ ಗೊಂಬೆಗಳನ್ನು ಕಂಪ್ಯೂಟರಿನಲ್ಲಿ ತಿದ್ದಿ, ಸೆರಗಿನ ಮೇಲೆ ಅಚ್ಚು ಹಾಕಿಸಿದೆ. ಸೊರಬದ ಕಡೆಯ ಹಳ್ಳಿಯೊಂದರಲ್ಲಿ ಬಾಲ್ಯದಿಂದಲೂ ಚಿತ್ತಾರ ಬರೆಯುತ್ತ ಬಂದ ದೀವರ ಅಜ್ಜಿಗೆ ಅದನ್ನು ತೋರಿಸಿದಾಗ ಅವರು ಬಟ್ಟೆಯನ್ನು ಮುಟ್ಟಿ ನೋಡಿ, “ಚೆಂದಾಗೈತೆ ತಮಾ, ಮದುವೆ ಯಾರದ್ದು?” ಎಂದು ಕೇಳಿದರು.

ಪ್ರಶ್ನೆಯಲ್ಲಿ ವ್ಯಂಗ್ಯವಿರಲಿಲ್ಲ. ಮದುಮಕ್ಕಳು ಹಸೆಯ ಮೇಲೆ ಕುಳಿತುಕೊಳ್ಳುವ ಗೋಡೆಯ ಚಿತ್ರವದು. ಮದುವೆಯೇ ಇಲ್ಲದಲ್ಲಿ ಆ ಗೊಂಬೆಗಳಿಗೇನು ಕೆಲಸ? ಅಂದೇ ಗೊಂಬೆಗಳನ್ನು ಸೀರೆಯಿಂದ ತೆಗೆದು, ಎಳೆಗಳನ್ನು, ಅಂದರೆ ಚಿತ್ತಾರದ ಗೆರೆಗಳನ್ನು ಮಾತ್ರ ಉಳಿಸಿಕೊಂಡೆ.

ಕೆಮ್ಮಣ್ಣು ಸಾರಿಸಿದ ಗೋಡೆಯ ಮೇಲೆ ಅಕ್ಕಿಹಿಟ್ಟಿನ ಬಿಳುಪನ್ನು ಪುಂಡಿನಾರಿನ ಕುಂಚದಿಂದ ಎಳೆಯುವಾಗ, ಅದ್ದಿದ ಕೂಡಲೇ ದಪ್ಪಗಿರುವ ಗೆರೆ ಹೋಗುತ್ತ ಹೋಗುತ್ತ ತೆಳುವಾಗುತ್ತದೆ. ಅಚ್ಚಿನಲ್ಲಿ ಈ ಏರಿಳಿತ ಸತ್ತುಹೋಗುತ್ತದೆ. ಮಗ್ಗದಲ್ಲಿ ಓರೆಗೆರೆ ಮೆಟ್ಟಿಲಾಗಿಬಿಡುತ್ತದೆ, ಆದರೆ ನೇರ ಗೆರೆಗೆ ಮಗ್ಗದಲ್ಲಿ ಉದ್ದಕ್ಕೆ ಸಾಗುವ ಹಾಸಿನ ನೂಲೇ ಸಾಕು. ಹೀಗಾಗಿ ಗೆರೆಯ ಏರಿಳಿತ ಉಳಿಯಲೆಂದು ಅಂಚಿನ ಹಾಸಿನಲ್ಲಿ ಬಣ್ಣ ಹಾಕದ ಬಿಳಿ ನೂಲನ್ನು ಒಂದೆಡೆ 4, ಪಕ್ಕದಲ್ಲಿ 3, ಮತ್ತೊಂದೆಡೆ 5 ಎಂಬಂತೆ ಏರುಪೇರಾಗಿ ಹಾಕಿಸಿದೆ. ನೇಯುವಾಕೆ ಎರಡು ಸಲ ಬೇಡವೆಂದರು. ಲೆಕ್ಕ ತಪ್ಪಿದವರು ತಾವೆಂದು ಜನ ಅಂದುಕೊಳ್ಳುತ್ತಾರೆಂಬುದು ಅವರ ಆತಂಕವಾಗಿತ್ತು.

ಬಣ್ಣದ ವಿಷಯದಲ್ಲಿ ನನಗೆ ಹೆಚ್ಚು ಸಮಾಧಾನ ಸಿಕ್ಕಿತು. ಕೆಮ್ಮಣ್ಣು ಗೋಡೆಯ ಮೇಲೆ ನಿಲ್ಲುವಂತೆ ನೂಲಿನ ಮೇಲೆ ನಿಲ್ಲುವುದಿಲ್ಲ; ಅದಕ್ಕೆ ಬದಲಾಗಿ, ಹಸಿ ಅಡಿಕೆ ಬೇಯಿಸಿದಾಗ ಉಳಿಯುವ ಚೊಗರು ನಮ್ಮ ಮನೆಗಳಲ್ಲೇ ಇದೆ. ಹೆಗ್ಗೋಡಿನ ಬಳಿಯ ಭೀಮನಕೋಣೆಯಲ್ಲಿ ‘ಚರಕ’ ಎಂಬ ನೇಕಾರ ಮಹಿಳೆಯರ ಸಹಕಾರ ಸಂಘದ ಹೆಣ್ಣುಮಕ್ಕಳು ಅದನ್ನು ಬಳಸಿ ತೋರಿಸಿರುವುದರಿಂದ ನಾನು ಹೊಸದೇನನ್ನೂ ಕಂಡುಹಿಡಿಯಬೇಕಿರಲಿಲ್ಲ. ಪಟಿಕದೊಂದಿಗೆ ಸೇರಿದರೆ ಚೊಗರು ಕೆಂಗಂದು ಬಣ್ಣ ಕೊಡುತ್ತದೆ. ಅದರಲ್ಲಿರುವ ಒಗರಿನ ಅಂಶವು ತುಕ್ಕು ಹಿಡಿದ ಕಬ್ಬಿಣವನ್ನು ಬೆಲ್ಲದ ನೀರಿನಲ್ಲಿ ನೆನೆಸಿಟ್ಟ ರಸದೊಂದಿಗೆ ಕೂಡಿದರೆ ಬಣ್ಣ ಕಪ್ಪಿಗೆ ತಿರುಗುತ್ತದೆ. ಗೋಡೆಯ ಮೇಲಿನ ಕೆಮ್ಮಣ್ಣಿನ ಕೆಂಪಿಗೂ ಸುಟ್ಟ ಅಕ್ಕಿಯಿಂದ ಮಾಡುವ ಕಪ್ಪಿಗೂ ಸಾಟಿಯಾದ ಬಣ್ಣಗಳು ಹೀಗೆ ಒಂದೇ ಹಂಡೆಯಿಂದ ಬಂದವು. ಚಿತ್ತಾರದಲ್ಲಿರುವ ಹಳದಿಯನ್ನು ಕೈಬಿಟ್ಟೆ.

ಹಿನ್ನೆಲೆಗೆ ಫ್ಲೆಕ್ಸ್ ಸಾಕೆಂದು ಸಂಘಟಕರು ಹೇಳಿದ್ದರು. ಆದರೆ ಚಿತ್ತಾರವನ್ನು ಗೋಡೆಯಿಂದಾಚೆಗೆ ಒಯ್ಯುವ ದಾರಿ ಆ ಸಂಪ್ರದಾಯದಲ್ಲೇ ಇದೆ: ಬೆಳೆದು ನಿಂತ ಪೈರನ್ನು ಪೂಜಿಸುವ ಭೂಮಿ ಹುಣ್ಣಿಮೆಯಂದು ಗದ್ದೆಗೆ ಹೊತ್ತೊಯ್ಯುವ ಬಿದಿರಿನ ಬುಟ್ಟಿಗೂ ಸಗಣಿ ಬಳಿದು, ಕೆಮ್ಮಣ್ಣು ಹಚ್ಚಿ, ಮೇಲೆ ಬಿಳಿಯಲ್ಲಿ ಬರೆಯುತ್ತಾರೆ. ಅದೇ ಕ್ರಮದಲ್ಲಿ ಬಿದಿರಿನ ತಟ್ಟಿಯೊಂದನ್ನು ಸಿದ್ಧಪಡಿಸಿದೆವು. ಅಜ್ಜಿ ಅದರ ಮೇಲೆ ಎಳೆಗಳನ್ನು ಬರೆದು, ನಡುವೆ ಗೊಂಬೆಗಳ ಜಾಗವನ್ನು ಖಾಲಿ ಬಿಟ್ಟರು. ಎರಡನೆಯ ದಿನ ತಟ್ಟಿಯ ಒಂದು ಮೂಲೆಯ ಮಣ್ಣು ಬಿರುಕು ಬಿಟ್ಟಿತ್ತು. ಅಜ್ಜಿ ಬೆರಳನ್ನು ಒದ್ದೆ ಮಾಡಿಕೊಂಡು ಅದನ್ನು ಸವರಿ ಮುಚ್ಚಿ, ಸೀರೆಯ ಅಂಚಿನ ಎಳೆಗಳನ್ನು ಎಣಿಸತೊಡಗಿದರು.